ಹುಳದ ಮನೆಗೆ ಕಟ್ಟಿದ ಪೆಟ್ಟಿಗೆ

ಆ ಭಾನುವಾರವೂ ಐದೂವರೆಗೇ ಎಚ್ಚರವಾಯಿತು. ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲಿನ ಪ್ಯಾಕೆಟ್ಟು ಒಳಗೆ ತಂದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಉಪ್ಪಿಟ್ಟಿಗೆ ರವೆ ಹುರಿದೆ. ಸ್ನಾನಕ್ಕೆ ಸೋಪು ಬಿಟ್ಟು ಕಡಲೆಹಿಟ್ಟು ತೆಗೆದುಕೊಂಡೆ. ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ ಒಣಗಿಸಿದ್ದ ಹತ್ತಿ ಸೀರೆ ಉಟ್ಟೆ. ಪೌಡರ್ ಹಾಕಲಿಲ್ಲ, ಹೂ ಮುಡಿಯಲಿಲ್ಲ.

ನಮ್ಮ ಮನೆಯವರು ಪೇಪರಿನ ಮೇಲಿಂದ ನೋಡಿದರು.

“ಭಾನುವಾರಾನೂ ಡ್ಯೂಟಿನಾ?”

“ಡ್ಯೂಟಿ ಅಲ್ಲ. ಸಾತನೂರು ಕಡೆ ಒಂದು ಮನೆಗೆ ಹೋಗಿ ಬರ್ತೀನಿ.”

“ವ್ಯಾನ್ ಬರುತ್ತಾ?”

“ಇಲ್ಲ, ಬಸ್ಸಲ್ಲಿ.”

ಅವರು ಹಾಳೆ ಮಗುಚಿದರು. ನಾನು ಅರ್ಧ ತಟ್ಟೆ ಉಪ್ಪಿಟ್ಟನ್ನು ಹಾಗೇ ಮುಚ್ಚಿಟ್ಟು ಕನಕಪುರದ ಬಸ್ ಸ್ಟ್ಯಾಂಡಿಗೆ ನಡೆದೆ. ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಹೋಗುತ್ತಿದ್ದೆ. ಆ ತಪ್ಪು ನನ್ನದು. ಶಿಕ್ಷೆ ಅನುಭವಿಸುತ್ತಿದ್ದವಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ.

ನಾನು ಈ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಹಳ್ಳಿ ಶಾಲೆಗಳ ಹೆಣ್ಣುಮಕ್ಕಳಿಗೆ ವಿಜ್ಞಾನವನ್ನು ಕೈಯಾರೆ ಮಾಡಿ ಕಲಿಯುವಂತೆ ಹೇಳಿಕೊಡುವ ಕೆಲಸ. ಒಂದು ಸಂಸ್ಥೆಯ ವ್ಯಾನಿನಲ್ಲಿ ತಗಡಿನ ಟ್ರಂಕು ಇಟ್ಟುಕೊಂಡು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸರ್ಕಾರಿ ಶಾಲೆಗಳನ್ನು ಸುತ್ತುತ್ತಿದ್ದೆ. ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಆಗಾಗ ಫೋನ್ ಮಾಡಿ, “ಮೇಡಂ, ಮೊದಲ ದಿನ ಏನು ತಗೊಂಡು ಹೋಗಬೇಕು?” ಎಂದು ಕೇಳುತ್ತಾರೆ. ಏನು ತಗೊಂಡು ಹೋಗಬಾರದು ಎಂಬುದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಲ್ಯಾಬಿನ ಬೀಗದ ಕೈ ಸಿಸ್ಟರ್ ಸೊಂಟದಲ್ಲಿರುತ್ತಿತ್ತು. ಗಾಜಿನ ಬೀರುವಿನೊಳಗೆ ಹೊಳೆಯುವ ಸಾಮಾನುಗಳನ್ನು ನಾವು ಸಾಲಾಗಿ ನಿಂತು ನೋಡುತ್ತಿದ್ದೆವು, ಮುಟ್ಟುತ್ತಿರಲಿಲ್ಲ. ಚೊಕ್ಕಟವಾಗಿ ಇಡುವುದೇ ಅರ್ಧ ವಿದ್ಯೆ ಎಂದು ಅಲ್ಲಿ ಕಲಿತೆ. ಮದುವೆಯಾಗಿ ಕನಕಪುರಕ್ಕೆ ಬಂದು, ಇಬ್ಬರು ಮಕ್ಕಳನ್ನು ಬೆಳೆಸಿ, ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿಕೊಂಡು ಇದ್ದವಳು ನಾನು. ನಲವತ್ತು ದಾಟಿದ ಮೇಲೆ, ಮಕ್ಕಳ ಶಾಲೆಯಲ್ಲಿ ಪರಿಚಯವಾದವರೊಬ್ಬರು “ನೀವು ಬಿಎಸ್ಸಿ ಅಲ್ವಾ, ಬನ್ನಿ” ಎಂದದ್ದಕ್ಕೆ ಹೋದೆ. ಟ್ರಂಕನ್ನು ನನ್ನ ವಶಕ್ಕೆ ಕೊಟ್ಟ ದಿನವೇ ಅದರೊಳಗೂ ಚೀಟಿ ಅಂಟಿಸಿದೆ.

ಮೊದಲ ವರ್ಷ ನಾನು ಮಾಡಿದ್ದು ಸಿಸ್ಟರ್ ಮಾಡುತ್ತಿದ್ದುದನ್ನೇ. ನಾನು ಮಾಡಿ ತೋರಿಸುವುದು, ಹುಡುಗಿಯರು ಕೈ ಕಟ್ಟಿ ನೋಡುವುದು. ಚನ್ನಪಟ್ಟಣದ ಒಂದು ಶಾಲೆಯಲ್ಲಿ ಘರ್ಷಣೆಯಿಂದ ಬಿಸಿ ಹುಟ್ಟುತ್ತದೆ ಎಂದು ಅಂಗೈ ಉಜ್ಜಿ ತೋರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಯಾಕೆ ಎಂದು ಗದರಿಸಿದೆ.

“ನಮ್ಮಪ್ಪ ಬೊಂಬೆಗೆ ಬಣ್ಣ ಹಾಕಾಗ ಬೆಂಕಿನೇ ಹಚ್ಚಲ್ಲ ಮಿಸ್. ಮರ ಗಿರ ಗಿರ ತಿರುಗ್ತಿರ್ತದೆ, ಅರಗಿನ ಕಡ್ಡಿ ಒತ್ತಿ ಹಿಡುದ್ರೆ ತಾನೇ ಕರಗ್ತದೆ. ನೀವು ಕೈ ಉಜ್ತಾ ಇದ್ದೀರಲ್ಲ, ಚಳಿ ಆಯ್ತದೇನೋ ಅಂದ್ಕಂಡೆ.”

ಕ್ಲಾಸೆಲ್ಲ ನಕ್ಕಿತು. ಮುಂದಿನ ವಾರ ಅವಳ ಅಪ್ಪನ ಅರಗಿನ ಕಡ್ಡಿಯನ್ನೇ ತರಿಸಿದೆ. ಅಲ್ಲಿಂದಾಚೆಗೆ ಯಾವ ಶಾಲೆಗೆ ಹೋದರೂ ನನ್ನ ಮೊದಲ ಪ್ರಶ್ನೆ, “ನಿಮ್ಮನೇಲಿ ಏನು ಕೆಲಸ ಮಾಡ್ತಾರೆ?” ಎಂಬುದೇ ಆಯಿತು.

ಮಾಗಡಿಯಲ್ಲಿ ಮಾಡಿದ್ದು ಇದಕ್ಕಿಂತ ದೊಡ್ಡ ತಪ್ಪು. ಪುಟ್ಟ ದೀಪಗಳ ಒಂದು ಪೊಟ್ಟಣ ಕಾಣಲಿಲ್ಲ. ನಾನು ಹುಡುಗಿಯರ ಬ್ಯಾಗುಗಳನ್ನು ಬಿಚ್ಚಿಸಿದೆ. ಅದು ಆಮೇಲೆ ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ಸಿಕ್ಕಿತು. ಕ್ಷಮೆ ಕೇಳಿದೆ. “ಪರವಾಗಿಲ್ಲ ಮಿಸ್” ಎಂದರು. ಆದರೆ ಮುಂದೆ ಎಷ್ಟೋ ವಾರ ಆ ಶಾಲೆಯಲ್ಲಿ ಒಂದು ಕೈಯೂ ಮುಂದೆ ಬರಲಿಲ್ಲ. ವೈರು ಕೊಟ್ಟರೆ, “ನೀವೇ ಮಾಡಿ ಮಿಸ್, ನೋಡ್ತೀವಿ.” ಹೆಣ್ಣುಮಕ್ಕಳ ಕೈಯನ್ನು ಹಿಂದಕ್ಕೆ ಕಳಿಸುವುದಕ್ಕೆ ಅರ್ಧ ಗಂಟೆ ಸಾಕು ಎಂದು ಆಗ ತಿಳಿಯಿತು. ಆ ಪೇಪರನ್ನು ಕಿತ್ತು ಹಾಕಿ, ಅಂದಿನಿಂದ ಟ್ರಂಕನ್ನು ವಾರಕ್ಕೊಮ್ಮೆ ಒರೆಸಿ, ಝಾಡಿಸಿ, ನಮ್ಮ ಮನೆಯ ಸಾಂಬಾರ ಡಬ್ಬಿಗಿಂತ ಚೊಕ್ಕಟವಾಗಿ ಇಟ್ಟುಕೊಂಡೆ.

ಸಾತನೂರಿನಾಚೆಯ ಶಾಲೆಯಲ್ಲಿ “ನಿಮ್ಮನೇಲಿ ಏನು ಕೆಲಸ?” ಎಂದರೆ ಬಹುಪಾಲು ಹುಡುಗಿಯರದು ಒಂದೇ ಉತ್ತರ: ರೇಷ್ಮೆ. ಪವಿತ್ರ ಆ ಶಾಲೆಯವಳು. ತೆಳ್ಳಗೆ, ಎರಡು ಜಡೆ, ಉಗುರಿನ ಸಂದಿಯಲ್ಲಿ ಸೊಪ್ಪಿನ ಹಸಿರು. ಅವಳು ಒಂದು ವಾರ ಬಂದರೆ ಇನ್ನೊಂದು ವಾರ ಕಾಣುತ್ತಿರಲಿಲ್ಲ. ಕೇಳಿದೆ.

“ಹುಳ ನಾಕನೇ ಜ್ವರ ಎದ್ಮೇಲೆ ಮನೇಲೇ ಇರ್ಬೇಕು ಮಿಸ್. ಅಪ್ಪ ಅವ್ವ ಸೊಪ್ಪಿಗೆ ಹೋಯ್ತರೆ. ಬಿಸಿ ಜಾಸ್ತಿ ಆದ್ರೆ ಗೋಣಿಚೀಲ ನೆನೆಸಿ ಕಟ್ಬೇಕು, ಕಿಟಕಿ ತೆಗೀಬೇಕು. ಅದ್ನ ನೋಡ್ಕಳಕ್ಕೆ ನಾನೇ.”

“ಅಜ್ಜಿ ಇಲ್ವಾ?”

“ಅಜ್ಜಿಗೆ ಥರ್ಮಾಮೀಟರ್ ಓದಕ್ಕೆ ಬರಲ್ವಲ್ಲ.”

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಕಳೆದ ಮೇಲೆ ಗೂಡು ಕಟ್ಟುವವರೆಗೂ ಹುಳುಗಳಿಗೆ ಬಕಾಸುರನ ಹಸಿವು. ಪ್ರತಿ ಬೆಳೆಯಲ್ಲೂ ಅಷ್ಟು ದಿನ ಪವಿತ್ರಳಿಗೆ ಶಾಲೆ ತಪ್ಪುತ್ತಿತ್ತು. ಹೀಗೇ ಆದರೆ ಹತ್ತನೇ ಕ್ಲಾಸು ಕಷ್ಟ ಎಂದು ಹೆಡ್ ಮಾಸ್ಟರು ಹೇಳುತ್ತಿದ್ದರು.

ಹೊಸ ಕಿಟ್ಟಿನಲ್ಲಿ ಬಿಸಿ ಅಳೆಯುವ ಒಂದು ಪುಟ್ಟ ಸೆನ್ಸರ್ ಬಂದಿತ್ತು. ಅದನ್ನು ಹೇಗೆ ಜೋಡಿಸುವುದೆಂದು ತೋರಿಸಿದ್ದಷ್ಟೇ ನಾನು. ಊಟದ ಡಬ್ಬಿಗೆ ಕಾದ ಮೊಳೆಯಿಂದ ತೂತು ಮಾಡಿದವಳು ಅವಳು, ವೈರು ಬೆಸೆದವಳು ಅವಳು. ಎಲ್ಲ ಸರಿಯಿದ್ದರೆ ಹಸಿರು ದೀಪ. ಬಿಸಿ ಹೆಚ್ಚಾದರೆ ಕೆಂಪು ದೀಪ, ಜೊತೆಗೆ ಪೀಪಿ ಸದ್ದು. ಓದು ಬಾರದ ಅಜ್ಜಿಗೂ ಕೆಂಪು ಹಸಿರು ಗೊತ್ತು. “ಅಜ್ಜಿ ಚೀಲ ನೆನೆಸಿದ್ರೆ ನಾನು ಸ್ಕೂಲಿಗೆ ಬತ್ತೀನಿ ಮಿಸ್” ಎಂದಳು. ಇಡೀ ಪೆಟ್ಟಿಗೆ ಆ ಒಂದು ಮಾತಿಗಾಗಿ ಆದದ್ದು.

ಒಂದು ಬೆಳೆ ಹಾಗೇ ನಡೆಯಿತು. ಪವಿತ್ರ ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಪೀಪಿ ಕೆಟ್ಟಿತೆಂದು ಪೆಟ್ಟಿಗೆಯನ್ನು ನನಗೆ ಕೊಟ್ಟಳು. ಹೊಸ ಪೀಪಿ ಹಾಕಿ, ಮುಂದಿನ ಭೇಟಿಗೆಂದು ಟ್ರಂಕಿನಲ್ಲಿ ಇಟ್ಟುಕೊಂಡೆ.

ಆ ವಾರ ಟ್ರಂಕಿನ ಮೂಲೆಯಲ್ಲಿ ಜಿರಳೆ ಮೊಟ್ಟೆ ಕಂಡಿತು. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನೂ ಕಡಿದಿದ್ದವು. ನಮ್ಮ ಮನೆಯ ಸಿಂಕಿನ ಕೆಳಗಿದ್ದ ಜಿರಳೆ ಔಷಧಿಯ ಡಬ್ಬಿ ತಂದು, ಮೂಲೆ ಮೂಲೆಗೆ ಹೊಡೆದು, ಮುಚ್ಚಳ ಮುಚ್ಚಿದೆ. ಪವಿತ್ರಳ ಪೆಟ್ಟಿಗೆ ಒಳಗೇ ಇತ್ತು. ನಾಲ್ಕು ದಿನ ಹಾಗೇ ಇತ್ತು.

ರೇಷ್ಮೆ ಹುಳುವಿಗೆ ಅದು ವಿಷ ಎಂಬುದು ಈ ತಾಲ್ಲೂಕಿನ ಸಣ್ಣ ಮಗುವಿಗೂ ಗೊತ್ತು. ಹುಳ ಇರುವ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವುದಿಲ್ಲ, ಸೋಪು ಪೌಡರಿನ ವಾಸನೆ ಹತ್ತಿರ ಸೇರಿಸುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಈ ಮಾತನ್ನು ಕ್ಲಾಸಿನಲ್ಲಿ ನಾನೇ ಎಷ್ಟೋ ಸಲ ಆಡಿದ್ದೆ. ಆದರೆ ಟ್ರಂಕು ಒರೆಸುವಾಗ ನಾನು ಮೇಷ್ಟರಲ್ಲ, ಮನೆ ಹೆಂಗಸು. ಜಿರಳೆ ಕಂಡಿತು, ಹೊಡೆದೆ. ಅಷ್ಟೇ ಯೋಚನೆ.

ಮುಂದಿನ ಭೇಟಿಗೆ ನಮ್ಮ ಸಂಯೋಜಕರೂ ಬಂದರು. ಮುರಳಿ ಎಂದು ಹೆಸರು, ನನ್ನ ಮಗನ ವಯಸ್ಸು. ಕೆಟ್ಟವರಲ್ಲ. ಮೇಲಿನವರಿಗೆ ಪ್ರತಿ ತಿಂಗಳೂ ಒಂದು ವಿಡಿಯೋ ಕಳಿಸಬೇಕಿತ್ತು. ಮೊದಲೆಲ್ಲ ನಾವು ಎಷ್ಟು ಮಕ್ಕಳು ಕಲಿತರು ಎಂದು ಕೈಬರಹದಲ್ಲಿ ವರದಿ ಬರೆಯುತ್ತಿದ್ದೆವು. ಆ ಹೊತ್ತಿಗೆ ಎಲ್ಲವೂ ವಿಡಿಯೋ. ಮಧ್ಯಾಹ್ನ ಪವಿತ್ರಳ ಜೊತೆಗೆ ಅವಳ ಮನೆಗೇ ಹೋದೆವು. ಹುಳು ಅವತ್ತು ಬೆಳಿಗ್ಗೆಯಷ್ಟೇ ನಾಲ್ಕನೇ ಜ್ವರ ಎದ್ದಿದ್ದವು.

ಪೆಟ್ಟಿಗೆ ಕೈಗೆ ಕೊಟ್ಟಾಗ ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

“ಒಂದಿನ ಬಿಸ್ಲಲ್ಲಿ ಮಡಗಿ ಆಮೇಲೆ ಕಟ್ಲಾ ಮಿಸ್?”

ನಾನು ಮುರಳಿಯವರ ಮುಖ ನೋಡಿದೆ. ಅವರು ಮೊಬೈಲ್ ಹಿಡಿದು ಸಿದ್ಧರಾಗಿದ್ದರು. “ಸರ್ ಅಷ್ಟು ದೂರದಿಂದ ಬಂದಿದ್ದಾರೆ ಪುಟ್ಟ. ಈಗ ಕಟ್ಟು” ಎಂದೆ.

ಅವಳ ಅವ್ವ ಶಿವಮ್ಮ ಬಾಗಿಲಲ್ಲಿ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದು, “ಕಾಫಿ ಕುಡೀರಿ ಮಿಸ್” ಎಂದಷ್ಟೇ ಹೇಳಿ ಒಳಗೆ ಹೋದರು. ಪವಿತ್ರ ಕೈಕಾಲು ತೊಳೆದು ಬಂದು, ಹುಳದ ಮನೆಯ ತಟ್ಟೆಗಳ ಮೇಲೆ ಪೆಟ್ಟಿಗೆ ಕಟ್ಟಿದಳು. ಹಸಿರು ದೀಪ ಹತ್ತಿತು. ಹೊಸ್ತಿಲ ಹೊರಗಿನಿಂದ ತೆಗೆದರೂ ವಿಡಿಯೋ ಚೆನ್ನಾಗಿ ಬಂತು.

ಎರಡು ವಾರದ ಮೇಲೆ ಹೋದಾಗ ಅವಳ ಜಾಗ ಖಾಲಿ. ಹೆಡ್ ಮಾಸ್ಟರು ಹೇಳಿದರು: ಮೂರೇ ದಿನದಲ್ಲಿ ಹುಳವೆಲ್ಲ ಹಸಿರು ಕಕ್ಕಿ, ತಲೆ ಎತ್ತಿಕೊಂಡು ಸತ್ತವಂತೆ. ಪೆಟ್ಟಿಗೆ ಕಟ್ಟಿದ ದಿನ ಹುಡುಗಿ ಹೊರಗಾಗಿದ್ದಳು, ಅದನ್ನು ಮುಚ್ಚಿಟ್ಟು ಹುಳದ ಮನೆಗೆ ಹೋದಳು ಎಂದು ಅಜ್ಜಿ ಹೇಳಿದರಂತೆ. ಹೊರಗಾದ ಹೆಂಗಸರು ಹುಳದ ಮನೆಯ ಹೊಸ್ತಿಲು ದಾಟುವುದಿಲ್ಲ, ಅದು ಅಲ್ಲಿನ ಕಟ್ಟು. ಅಪ್ಪ ಶಾಲೆ ಬಿಡಿಸಿದರಂತೆ. “ವಿಜ್ಞಾನ ಕಲ್ತು ಹಿಂಗಾಯ್ತು ಅಂತವ್ರೆ ಮೇಡಂ. ಹಾರೋಹಳ್ಳಿ ಫ್ಯಾಕ್ಟರಿಗೆ ಹೋಗೋ ಅವಳ ಚಿಕ್ಕಮ್ಮನ ಮನೇಲಿ ಮಗು ನೋಡ್ಕಳಕ್ಕೆ ಬುಡ್ತಾರಂತೆ.”

ಆ ದಿನ ಕ್ಲಾಸಿಗೆ ಟ್ರಂಕಿನ ಮುಚ್ಚಳ ತೆರೆದೆ. ಇಷ್ಟು ದಿನ ಗಮನಿಸದಿದ್ದ ಔಷಧಿಯ ವಾಸನೆ ಮುಖಕ್ಕೆ ಬಡಿಯಿತು. ಎಲ್ಲ ಅರ್ಥವಾಯಿತು.

ಸಂಜೆ ಮುರಳಿಯವರಿಗೆ ಹೇಳಿದೆ. ಅವರು, “ಮೇಡಂ, ಅದೇ ಕಾರಣ ಅಂತ ಹೇಗೆ ಹೇಳ್ತೀರಿ? ಪಕ್ಕದ ಹೊಲದವರು ಔಷಧಿ ಹೊಡೆದಿರಬಹುದು, ಸೊಪ್ಪಿಗೆ ತಗುಲಿರಬಹುದು. ನಾವೇ ಹೋಗಿ ಒಪ್ಪಿಕೊಂಡರೆ ನಾಳೆ ಯಾವ ಊರಲ್ಲೂ ನಮ್ಮನ್ನ ಸೇರಿಸಲ್ಲ. ಬೇರೆ ಹುಡುಗಿಯರ ಗತಿ?” ಎಂದರು. ಅವರ ಮಾತಿನಲ್ಲಿ ಪೂರ್ತಿ ಸುಳ್ಳಿರಲಿಲ್ಲ. ನನಗೆ ಅಷ್ಟೇ ಬೇಕಾಗಿತ್ತು. ಐದು ವಾರ ಸುಮ್ಮನಿದ್ದೆ. ನಿಮ್ಮ ಮುಂದೆ ಅದನ್ನು ಮುಚ್ಚಿಡುವುದಿಲ್ಲ. ಆ ಐದು ವಾರ ನಾನು ಬೇರೆ ಶಾಲೆಗಳಲ್ಲಿ, “ಕಣ್ಣಾರೆ ಕಂಡದ್ದನ್ನ ಕಂಡ ಹಾಗೆ ಬರೀಬೇಕು” ಎಂದು ಪಾಠ ಮಾಡುತ್ತಲೇ ಇದ್ದೆ.

ಪವಿತ್ರಳನ್ನು ಸೋಮವಾರ ಹಾರೋಹಳ್ಳಿಗೆ ಕಳಿಸುತ್ತಾರೆಂದು ಶನಿವಾರ ಹೆಡ್ ಮಾಸ್ಟರು ಫೋನ್ ಮಾಡಿದರು. ಅದಕ್ಕೇ ಆ ಭಾನುವಾರದ ಬಸ್ಸು.

ಸಾತನೂರಿನಿಂದ ಆಟೋ ಮಾಡಿಕೊಂಡು ಹೋದೆ. ಅಪ್ಪ ಸಿದ್ದರಾಜು ಜಗಲಿಯಲ್ಲಿ ಕುಡುಗೋಲು ಮಸೆಯುತ್ತಿದ್ದರು. ಅಜ್ಜಿ ಕೆಂಪಮ್ಮ ಗೋಡೆಗೆ ಒರಗಿ ಎಲೆಅಡಿಕೆ ಕುಟ್ಟುತ್ತಿದ್ದರು. ಶಿವಮ್ಮ ಚಾಪೆ ಹಾಸಿದರು. ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಬೇರೆ ಕಡೆ ಹೋಗುತ್ತದೆ ಎಂದು ಗೊತ್ತಿತ್ತು. ನಿಂತೇ ಹೇಳಿದೆ. ಜಿರಳೆ, ಔಷಧಿ, ಟ್ರಂಕು, ಪೆಟ್ಟಿಗೆ, ಬಿಸಿಲಿನಲ್ಲಿ ಇಡಲಾ ಎಂದು ಅವಳು ಕೇಳಿದ್ದು, ನಾನು ಬೇಡವೆಂದದ್ದು, ಗೊತ್ತಾದ ಮೇಲೂ ಐದು ವಾರ ಬಾಯಿ ಬಿಡದಿದ್ದದ್ದು.

ಕುಟ್ಟಾಣಿಯ ಸದ್ದು ನಿಂತಿತು.

“ಅಂಗಾರೆ ಮಗ ಹೊರಗಾಗಿರ್ನಿಲ್ವಾ?” ಎಂದರು ಅಜ್ಜಿ.

“ಆಗಿರ್ನಿಲ್ಲ ಅಂತ ಅವತ್ತೇ ಬಡ್ಕಂಡೆ ಕಣತ್ತೆ” ಎಂದರು ಶಿವಮ್ಮ. “ಅಂಗಾರೆ ಹುಳ ಯಾಕ್ ಸತ್ತೊ ಯೋಳು ಅಂದ್ರಿ. ನಾನೇನ್ ಯೋಳ್ಲಿ? ಪೆಟ್ಗೆ ಒಸಿ ವಾಸ್ನೆ ಬತ್ತಿತ್ತು. ಮಿಸ್ಸು ತಂದವ್ರೆ, ಓದ್ದೋರು, ಅವ್ರಿಗೆ ಗೊತ್ತಿಲ್ವಾ ಅಂತ ಸುಮ್ಕಾದೆ.”

ಸಿದ್ದರಾಜು ಕುಡುಗೋಲನ್ನು ಕೆಳಗಿಟ್ಟರು. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ.

“ಹುಳ ಹೋದ್ರೆ ಇನ್ನೊಂದು ಬೆಳೆ ತಗೀಬೋದು ಕಣಮ್ಮ. ನಾನು ಮಗೀಗೆ ಹೊಡ್ದೆ. ಹುಟ್ದಾಗಿಂದ ಒಂದೇಟು ಹಾಕಿರ್ನಿಲ್ಲ. ಐದು ವಾರ ಎಲ್ಲೋಗಿದ್ರಿ ನೀವು?”

“ಹೆದರಿಕೊಂಡಿದ್ದೆ” ಎಂದೆ. ಅದು ನಿಜ.

ಪವಿತ್ರ ಅಷ್ಟು ಹೊತ್ತೂ ಒಳಬಾಗಿಲಿನಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಏಣಿ ಹತ್ತಿ, ತಾರಸಿಯಿಂದ ಆ ಪೆಟ್ಟಿಗೆಯನ್ನೂ, ಮೂಲೆ ಮಡಿಸಿದ ಒಂದು ರಫ್ ನೋಟ್‌ಬುಕ್ಕನ್ನೂ ತಂದು ನನ್ನ ಕೈಗೆ ಕೊಟ್ಟಳು. ಹಾಳೆಯಲ್ಲಿ ಸ್ಕೇಲಿನಿಂದ ಎಳೆದ ಎರಡು ಕಾಲಂ. ಒಂದರ ಮೇಲೆ ‘ಪೆಟ್ಟಿಗೆ ಇರುವ ತಟ್ಟೆ’, ಇನ್ನೊಂದರ ಮೇಲೆ ‘ಪೆಟ್ಟಿಗೆ ಇಲ್ಲದ ತಟ್ಟೆ’.

“ಪಕ್ಕದ ಮನೇಲಿ ಆರಾರು ಹುಳ ಇಸ್ಕಂಡು ನೋಡ್ದೆ ಮಿಸ್. ಎರಡಕ್ಕೂ ಒಂದೇ ಸೊಪ್ಪು. ಮೊದಲ್ನೇ ವಾರ ಪೆಟ್ಟಿಗೆ ಜೊತೆಗಿದ್ದವು ಆರೂ ಸತ್ತೊ. ಇನ್ನೊಂದರಲ್ಲಿ ಏನೂ ಆಗ್ಲಿಲ್ಲ. ಆಮೇಲೆ ಪೆಟ್ಟಿಗೆನ ದಿನಾ ಬಿಸ್ಲಿಗೆ ಮಡಗ್ದೆ. ಮೂರನೇ ವಾರ ಎರಡು ಸತ್ತೊ. ಈ ವಾರ ಎಲ್ಲವೂ ತಿಂತಾವೆ.”

ಅವಳ ಕೈಬರಹ ಸಣ್ಣದು, ಒಂದಕ್ಷರವೂ ಗೆರೆ ದಾಟಿರಲಿಲ್ಲ. ಸತ್ತ ಹುಳಕ್ಕೆ ಅಡ್ಡ ಗೀಟು, ಬದುಕಿದ ಹುಳಕ್ಕೆ ಸೊನ್ನೆ. ಅದಕ್ಕಿಂತ ಚೆನ್ನಾದ ಪ್ರಯೋಗವನ್ನು ನನ್ನ ಇಷ್ಟು ವರ್ಷದಲ್ಲಿ ನಾನು ಯಾರಿಂದಲೂ ಮಾಡಿಸಿರಲಿಲ್ಲ.

“ಇದನ್ನ ಅಪ್ಪಂಗೆ ಯಾಕೆ ತೋರಿಸಲಿಲ್ಲ ಪುಟ್ಟ? ಮೊದಲನೇ ವಾರವೇ ಗೊತ್ತಾಗಿತ್ತಲ್ಲ?”

ಅವಳು ಆಗ ನನ್ನ ಮುಖ ನೋಡಿದಳು.

“ತೋರ್ಸುದ್ರೆ ನಿಮ್ಮ ಮೇಲೆ ಬತ್ತಿತ್ತು ಮಿಸ್. ನೀವೇ ಬಂದು ಯೋಳ್ತೀರಿ ಅಂದ್ಕಂಡಿದ್ದೆ.”

ಅಜ್ಜಿ ಕೈ ಚಾಚಿ ಮೊಮ್ಮಗಳ ಲಂಗದ ಅಂಚು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಅವಳು ಕೂತಳು, ಆದರೆ ಒರಗಿಕೊಳ್ಳಲಿಲ್ಲ. ಅಜ್ಜಿಯ ಕೈ ಅವಳ ಬೆನ್ನ ಮೇಲೆ ಹಾಗೇ ಇತ್ತು.

ಸಿದ್ದರಾಜು ನೋಟ್‌ಬುಕ್ಕನ್ನು ಇಸಿದುಕೊಂಡು, ಬಿಸಿಲಿಗೆ ಹಿಡಿದು, ಬೆರಳಿಟ್ಟು ಗೀಟುಗಳನ್ನು ಎಣಿಸಿದರು. ಎರಡು ಸಲ ಎಣಿಸಿದರು. ಆಮೇಲೆ ಹೆಂಡತಿಗೆ, “ಹಾರೋಳ್ಳಿಗೆ ಫೋನ್ ಮಾಡಿ ಬರಲ್ಲ ಅಂತ ಯೋಳು” ಎಂದರು. ನನ್ನ ಕಡೆ ತಿರುಗದೆಯೇ, “ನಾಳೆಯಿಂದ ಇಸ್ಕೂಲಿಗೆ ಬತ್ತಾಳೆ. ಪೆಟ್ಗೆ ಕಟ್ಟಾದು ಬುಡಾದು ಅವಳಿಗೆ ಬುಟ್ಟಿದ್ದು. ನೀವು ಮಾತ್ರ ಇನ್ಮೇಲೆ ನಮ್ಮ ಹುಳದ ಮನೆ ಹತ್ರ ಬರಬ್ಯಾಡಿ” ಎಂದರು.

“ಬರಲ್ಲ” ಎಂದೆ.

ಹೊರಡುವಾಗ ಶಿವಮ್ಮ ಕುಂಕುಮ ಕೊಟ್ಟರು. ಪವಿತ್ರ ಆಟೋವರೆಗೆ ಬಂದಳು, ಪೆಟ್ಟಿಗೆಯನ್ನು ನನ್ನಿಂದ ವಾಪಸು ಪಡೆದು ಎದೆಗೆ ಅವಚಿಕೊಂಡು.

“ಇನ್ನೊಂದು ವಾರ ಬಿಸ್ಲಲ್ಲಿ ಮಡಗ್ತೀನಿ ಮಿಸ್. ಎಲ್ಲ ಸರ್ಯಾಗೈತೆ ಅನ್ನುಸ್ತದೆ, ಆದ್ರೂ.”

“ನಿನಗೆ ಸರಿ ಅನ್ನಿಸಿದ ದಿನ ಕಟ್ಟು. ಯಾರು ಹೇಳಿದರೂ ಅದಕ್ಕೆ ಮುಂಚೆ ಕಟ್ಟಬೇಡ.”

“ನೀವು ಯೋಳುದ್ರೂ?”

“ನಾನು ಹೇಳಿದರೂ.”

ಅವಳು ನಗಲಿಲ್ಲ. ತಲೆ ಆಡಿಸಿದಳು, ಪಾಠ ಬರೆದುಕೊಂಡವಳ ಹಾಗೆ.

ಮಾರನೇ ದಿನ ನಡೆದದ್ದೆಲ್ಲವನ್ನೂ ಮುರಳಿಯವರಿಗೆ ಬರೆದುಕೊಟ್ಟೆ. ಅವರು ಅದನ್ನು ಮೇಲಕ್ಕೆ ಕಳಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಆದರೆ ಆ ವಿಡಿಯೋವನ್ನು ಅಳಿಸಿ ಹಾಕಿಸಿದರು. ನಾನು ಕೆಲಸ ಬಿಡುವವರೆಗೂ ಟ್ರಂಕನ್ನು ಬರೀ ಬಿಸಿನೀರಿನಲ್ಲಿ ಒರೆಸಿದ್ದೇ ಹೊರತು ಬೇರೇನೂ ಮುಟ್ಟಿಸಲಿಲ್ಲ. ರೇಷ್ಮೆ ಊರುಗಳಿಗೆ ಹೋಗುವ ಸಾಮಾನನ್ನು ಮೊದಲು ಹುಡುಗಿಯರ ಕೈಗೆ ಕೊಟ್ಟು, ಅವರು ಮೂಸಿ ಹೂಂ ಎಂದ ಮೇಲೆಯೇ ಒಳಗೆ ಒಯ್ಯುತ್ತಿದ್ದೆ. ಹೊಸಬರಿಗೆ ನಾನು ಹೇಳುವುದೂ ಅಷ್ಟೇ. ಹುಡುಗಿ ಒಂದು ಕ್ಷಣ ತಡೆದಳು ಎಂದರೆ ಅವಳಿಗೆ ಏನೋ ಗೊತ್ತಿದೆ. ನೀವೂ ತಡೆಯಿರಿ.

ಆ ಭಾನುವಾರ ಸಂಜೆ ಮನೆ ಮುಟ್ಟಿದಾಗ ನಮ್ಮ ಮನೆಯವರು ವಾಕಿಂಗ್ ಹೋಗಿದ್ದರು. ಚಪ್ಪಲಿ ಬಿಟ್ಟು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಕ್ಕದ ಮನೆಯ ವಸಂತ ಒಣಗಿದ ಬಟ್ಟೆ ತೆಗೆಯುತ್ತ ಕಾಂಪೌಂಡಿನಾಚೆಯಿಂದ ಇಣುಕಿದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ಮುಚ್ಚಿಡುವ ಶಕ್ತಿಯಿರಲಿಲ್ಲ. ಒಂದು ತಪ್ಪಾಗಿತ್ತು, ಸಾತನೂರಿನಾಚೆ ಒಂದು ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ ಎಂದೆ.

ವಸಂತ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು, ದಿಂಬಿನ ಕವರನ್ನು ಒಮ್ಮೆ ಕೊಡವಿದರು.

“ಅಯ್ಯೋ, ಸಾರಿ ಹೇಳೋದಕ್ಕೆ ಅಷ್ಟು ದೂರ ಬಸ್ಸಲ್ಲಿ ಹೋದ್ರಾ? ವಾಟ್ಸಾಪಲ್ಲಿ ಹಾಕಿದ್ರೆ ಆಗ್ತಿತ್ತಲ್ರೀ.”